ಇನ್ನ ಆತನ ಪಾಳಿ

ಕಳೆದ ಶ್ರಾವಣದಲ್ಲಿ ರಾಣೆಬೆನ್ನೂರಿನ ಹತ್ತಿರದ ಒಂದು ಹಳ್ಳಿಗೆ ಮದುವೆಗೆಂದು ಹೋಗಿದ್ದೆ. ಊಟ ಮುಗಿದ ಮೇಲೆ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಹಳೆಯ ಗುರುತು ಹಿಡಿದು ಊರ ಹಿಂದಿನ ಹೊಲದ ದಾರಿಯಲ್ಲಿ ನಡೆದೆ. ಬದುವಿನ ಪಕ್ಕಕ್ಕೇ ಟೊಮೆಟೊ ಹಚ್ಚಿದ್ದರು. ಬಾಗಿ ಒಂದು ಎಲೆ ಕಿತ್ತು ಬೆರಳ ನಡುವೆ ಹಿಸುಕಿದೆ. ಆ ಹಸಿ, ಕಟು ವಾಸನೆ ಮೂಗಿಗೆ ಹತ್ತಿದ್ದೇ ತಡ, ಕಾಲು ಅಲ್ಲೇ ನಿಂತವು. ಎರಡು ಸಾವಿರದ ಆರನೇ ಇಸವಿಯ ಮಳೆಗಾಲ ಹಾಗೆಯೇ ಎದ್ದು ಬಂತು. ಆ ಮಳೆಗಾಲ ನನಗೆ ಆಸರೆ ಕೊಟ್ಟಿದ್ದ ಕರುಣವ್ವ ತೀರಿಕೊಂಡು ಆರು ವರ್ಷವಾಗಿದೆ. ಆಕೆಯ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಬರೆದರೆ ನನ್ನ ತಪ್ಪನ್ನೂ ಬರೆಯಬೇಕಾಗುತ್ತದೆ ಎಂದು ಮುಂದೂಡುತ್ತಲೇ ಬಂದಿದ್ದೆ.

ಆಗ ನನಗೆ ಇಪ್ಪತ್ತಮೂರು. ನಮ್ಮ ಮನೆ ಹಾವೇರಿಯಲ್ಲಿ. ಅಪ್ಪ ಶಾಲಾ ಮಾಸ್ತರರಾಗಿ ನಿವೃತ್ತರಾದವರು, ನಮ್ಮ ಕ್ರೈಸ್ತ ಸಭೆಯ ಹಿರಿಯರಲ್ಲೊಬ್ಬರು. ಅವ್ವ ನಾನು ಹೈಸ್ಕೂಲಿನಲ್ಲಿರುವಾಗಲೇ ಹೋಗಿಬಿಟ್ಟಿದ್ದಳು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಒಂದು ಹಂಗಾಮಿನ ಮಟ್ಟಿಗೆ ಸೂಪರ್‌ವೈಸರ್ ಕೆಲಸ ಸಿಕ್ಕಿತು. ಕಂಪನಿ ರೈತರ ಹೊಲದಲ್ಲಿ ಎರಡು ಜಾತಿಯ ಟೊಮೆಟೊ ಹಚ್ಚಿಸುತ್ತಿತ್ತು, ಒಂದು ಹೆಣ್ಣು, ಒಂದು ಗಂಡು. ಇಳಿಹೊತ್ತಿನಲ್ಲಿ ಹೆಂಗಸರು ಹೆಣ್ಣು ಗಿಡಗಳ ನಡುವೆ ನಿಂತು, ನಾಳೆ ಅರಳಲಿರುವ ಮೊಗ್ಗನ್ನು ಚಿಮಟಿಗೆಯಿಂದ ಬಿಡಿಸಿ ಅದರೊಳಗಿನ ಗಂಡು ಕೇಸರವನ್ನು ತೆಗೆದುಬಿಡಬೇಕು. ಮರುದಿನ ಮುಂಜಾನೆ ಗಂಡು ಗಿಡದ ಹೂವಿನ ಪುಡಿಯನ್ನು ಆ ಮೊಗ್ಗಿಗೆ ಮುಟ್ಟಿಸಬೇಕು. ಇದಕ್ಕೆ ಊರಲ್ಲೆಲ್ಲ ಕ್ರಾಸಿಂಗ್ ಎಂದೇ ಹೆಸರು. ತಡಮಾಡಿ, ಅರಳಿಬಿಟ್ಟ ಹೂವನ್ನು ಬಿಡಿಸಿದರೆ ಅದರದೇ ಪುಡಿ ಅದಕ್ಕೆ ತಗುಲಿ ಬೀಜ ಬೆರಕೆಯಾಗುತ್ತದೆ. ಕಾಯಿ ನೋಡಿದರೆ ಅದು ಯಾರಿಗೂ ತಿಳಿಯುವುದಿಲ್ಲ. ಮುಂದೆ ಎಲ್ಲೋ, ಯಾವನೋ ರೈತ ಆ ಬೀಜ ಬಿತ್ತಿದಾಗಲೇ ಗೊತ್ತಾಗುವುದು. ಸಾಲು ಸಾಲು ತಿರುಗಿ ಕೆಲಸ ಸರಿಯಾಗಿದೆಯೇ ಎಂದು ನೋಡಿ ಬರೆದಿಡುವುದು ನನ್ನ ಕೆಲಸ.

ರಾಣೆಬೆನ್ನೂರಿನ ಸಭಾಪಾಲಕರು ನನಗೆ ಆ ಹಳ್ಳಿಯಲ್ಲಿ ಇರಲು ಮನೆ ತೋರಿಸಿದರು. ಊರಲ್ಲಿ ಇದ್ದದ್ದು ಒಂದೇ ಕ್ರೈಸ್ತರ ಮನೆ, ಕರುಣವ್ವನದು. ಗಂಡ ತೀರಿಕೊಂಡು ಹತ್ತು ವರ್ಷ, ಮಗಳನ್ನು ಹರಿಹರಕ್ಕೆ ಕೊಟ್ಟಿತ್ತು. ಐವತ್ತೈದರ ಆಸುಪಾಸಿನ, ಗಿಡ್ಡನೆಯ, ಗಟ್ಟಿ ಮೈಯ ಹೆಂಗಸು. ಶಿವನಗೌಡರ ಹೊಲದಲ್ಲಿ ಕ್ರಾಸಿಂಗ್ ಮಾಡುವ ಹದಿನಾಲ್ಕು ಹೆಂಗಸರ ಗುಂಪಿಗೆ ಆಕೆಯೇ ಮುಂದಾಳು. ಅಂದರೆ ಹಗಲು ನಾನು ಆಕೆಯ ಕೆಲಸ ಪರೀಕ್ಷೆ ಮಾಡುವವಳು, ಮನೆಗೆ ಬಂದರೆ ಆಕೆಯ ಕೈಯಡುಗೆ ಉಣ್ಣುವವಳು.

ನಮ್ಮ ಮನೆಯಲ್ಲಿ ಪ್ರಾರ್ಥನೆ ಅಂದರೆ ಅಪ್ಪನ ಪ್ರಾರ್ಥನೆ. ಅರ್ಧ ತಾಸಿಗೆ ಕಡಿಮೆಯಿಲ್ಲ. ಸಭೆಯ ರೋಗಿಗಳು, ವಿಧವೆಯರು, ದೇಶದ ಆಳುವವರು, ಪರೀಕ್ಷೆ ಬರೆಯುವ ಮಕ್ಕಳು, ಒಬ್ಬರೂ ತಪ್ಪಿಹೋಗದಂತೆ ಹಾಜರಿ ಹಾಕಿದ ಹಾಗೆ ಹೇಳುತ್ತಿದ್ದರು. ನಾನೂ ಅದನ್ನೇ ಕಲಿತಿದ್ದೆ. ಕರುಣವ್ವನ ಮನೆಯ ಮೊದಲ ಮುಂಜಾನೆ, ಹಿತ್ತಲ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿ ಕೂತಾಗ, ನಾನೇ ಮುಂದಾಗಿ ಚೆಂದಾಗಿ ಉದ್ದಕ್ಕೆ ಪ್ರಾರ್ಥನೆ ಮಾಡಿದೆ. ಆಮೆನ್ ಅಂದು ಕಣ್ಣು ತೆರೆದರೆ ಆಕೆ ಕಣ್ಣು ಮುಚ್ಚಿ ಕೂತೇ ಇದ್ದಾಳೆ. ತೂಕಡಿಸುತ್ತಿದ್ದಾಳೆಂದು ತಿಳಿದು ಮೆಲ್ಲಗೆ ಹೇಳಿದೆ.

"ದೊಡ್ಡವ್ವಾರ, ಆತಲ್ರಿ ಪ್ರಾರ್ಥನಿ."

"ನಿಂದು ಆತವಾ, ನಂದೂ ಆತು," ಎಂದಳು ಕಣ್ಣು ತೆರೆಯದೆ. "ಇನ್ನ ಆತನ ಪಾಳಿ."

ಹತ್ತು ನಿಮಿಷವೋ ಹದಿನೈದೋ, ಹಾಗೇ ಕೂತಳು. ಪಕ್ಕದ ಮನೆಯಲ್ಲಿ ಎಮ್ಮೆ ಕರೆಯುವ ಸಪ್ಪಳ, ಬಾವಿಯ ಗಡಗಡೆಯ ಕಿರುಗುಟ್ಟುವಿಕೆ. ನನಗೆ ಚಹಾ ಯಾವಾಗ ಕೊಡುತ್ತಾಳೋ ಎಂಬ ಚಿಂತೆ. ಆಮೇಲೆ ಎದ್ದು, ಏನೂ ಆಗಿಲ್ಲವೆಂಬಂತೆ ಒಲೆ ಊದಿದಳು.

ಒಂದು ವಾರ ನೋಡಿದೆ. ದಿನಾ ಹಾಗೆಯೇ. ಮೊದಲು ವೇದಪುಸ್ತಕದ ನಾಲ್ಕು ಸಾಲು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದುತ್ತಿದ್ದಳು. ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವಳು. ಆಮೇಲೆ ಎರಡು ಮಾತು ಪ್ರಾರ್ಥನೆ. ಆಮೇಲೆ ಮೌನ. "ರಿ" ಹಚ್ಚಿ ಮಾತಾಡುವುದು ಅಷ್ಟರಲ್ಲಿ ಬಿಟ್ಟುಹೋಗಿತ್ತು, ಆದ್ದರಿಂದ ಧೈರ್ಯಮಾಡಿ ಕೇಳಿಯೇಬಿಟ್ಟೆ.

"ದೊಡ್ಡವ್ವ, ನಿನಗ ಖರೇನ ದೇವರ ದನಿ ಕೇಳತೈತೇನು?"

ರೊಟ್ಟಿ ಬಡಿಯುತ್ತಿದ್ದವಳು ನಕ್ಕಳು. "ದನಿ ಗಿನಿ ಏನಿಲ್ಲವಾ. ಗುಡುಗಿನಂಗ ಯಾರೂ ಮಾತಾಡಂಗಿಲ್ಲ. ಓದಿದ್ದರಾಗ ಒಂದು ಮಾತು ಎದಿಯಾಗ ನಿಲ್ಲತೈತಿ. ಇಲ್ಲಾ ಯಾರದರ ಮಾರಿ ಕಣ್ಮುಂದ ಬರತೈತಿ. ಓಡಿಸಿದ್ರೂ ಹೋಗಂಗಿಲ್ಲ."

"ಅದು ನಮ್ಮ ಮನಸ್ಸಿನ ಆಟ ಇರಬಹುದಲ್ಲ?"

"ಇರಬಹುದು. ಅದಕ್ಕ ಲಗೂ ಮಾಡಬಾರದು. ನನಗ ಬೇಕಾದ್ದನ್ನ ಹೇಳಿದ್ರ, ನಾನ ಹೇಳ್ಕೊಂಡೇನಿ ಅಂತ ತಿಳಕೋತೇನಿ. ನನಗ ಬ್ಯಾಡಾದ್ದನ್ನ ಹೇಳಾಕತ್ತಾನ, ಅದರಿಂದ ಮತ್ತೊಬ್ಬರಿಗೆ ಚಲೋ ಆಕ್ಕೈತಿ ಅಂದ್ರ, ಆಗ ಎದ್ದು ಹೋಕ್ಕೇನಿ."

"ತಪ್ಪಾದ್ರ?"

ತಪ್ಪಾದರೆ ಏನು ಎನ್ನುವುದನ್ನು ನಾನು ಆ ವಾರವೇ ಕಣ್ಣಾರೆ ಕಂಡೆ. ಒಂದು ಮುಂಜಾನೆ ಎದ್ದವಳೇ, ಓಣಿಯ ಕೊನೆಯ ಮನೆಯ ಯಲ್ಲವ್ವನಿಗೆ ಏನೋ ತ್ರಾಸಾಗಿರಬೇಕು, ನೋಡಿ ಬರುತ್ತೇನೆಂದು ಚಪ್ಪಲಿ ಮೆಟ್ಟಿ ಹೊರಟಳು. ಅರ್ಧ ತಾಸಿನ ಮೇಲೆ ಬಾಯಿ ಒರೆಸಿಕೊಳ್ಳುತ್ತ ತಿರುಗಿ ಬಂದಳು. "ಏನೂ ಆಗಿಲ್ಲವಾ ಆಕಿಗೆ. ಗುಂಡಕಲ್ಲಿನಂಗ ಅದಾಳ. ಮಿರ್ಚಿ ಕರೀಯಾಕತ್ತಿದ್ಲು, ನಾಲ್ಕು ತಿಂದು ಬಂದೆ," ಎಂದು ಹೊಟ್ಟೆ ಹಿಡಿದು ನಕ್ಕಳು. ನನಗೆ ಆಶ್ಚರ್ಯವಾದದ್ದು ಆ ನಗೆ. ನಮ್ಮ ಸಭೆಯಲ್ಲಿ "ದೇವರು ಹೇಳಿದ" ಎಂದವರು ತಪ್ಪಾಯಿತೆಂದು ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ಈಕೆ ತನ್ನ ತಪ್ಪಿಗೆ ತಾನೇ ನಕ್ಕು, ಮರುದಿನ ಮತ್ತೆ ಅದೇ ಕಟ್ಟೆಯ ಮೇಲೆ ಅದೇ ಶ್ರದ್ಧೆಯಿಂದ ಕೂತಳು.

ಆಗಸ್ಟ್ ಕೊನೆಗೆ ಕ್ರಾಸಿಂಗ್ ಭರಾಟೆ. ಗಿಡದ ರಸ ಹತ್ತಿ ಎಲ್ಲರ ಬೆರಳೂ ಹಸಿರುಗಪ್ಪು. ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ, ರೊಟ್ಟಿ ಮುರಿದರೆ ರೊಟ್ಟಿಯೂ ಟೊಮೆಟೊ ಎಲೆಯಂತೆ ನಾರುತ್ತಿತ್ತು. ಒಂದು ಸಂಜೆ ಪಡುವಣ ದಿಕ್ಕು ಕಪ್ಪಿಟ್ಟುಕೊಂಡು ಬಂತು. ಮಳೆ ಬರುವುದರೊಳಗೆ ಮುಗಿಸಬೇಕೆಂದು ಎಲ್ಲರೂ ಕೈ ಚುರುಕು ಮಾಡಿದರು. ನಾನೂ ಓಡಾಡುತ್ತ, ಸರಿಯಾಗಿದೆ, ಸರಿಯಾಗಿದೆ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮನೆಗೆ ಓಡಿದೆ.

ಮರುದಿನ ಹೊಲಕ್ಕೆ ಬಂದ ಕರುಣವ್ವ ನೆಟ್ಟಗೆ ಶಿವನಗೌಡರ ಮುಂದೆ ಹೋಗಿ ನಿಂತಳು.

"ಗೌಡ್ರ, ಬೇವಿನ ಗಿಡದ ಕಡೆ ಎರಡು ಸಾಲಿನ ಹೂ ಕಿತ್ತು ಒಗೀಬೇಕ್ರಿ."

ಗೌಡರು ಬೀಡಿ ಕೆಳಗಿಳಿಸಿದರು. "ಯಾಕ? ಏನಾಗೇತಿ ಅದಕ್ಕ?"

"ನಿನ್ನೆ ಮಳಿ ಬರತೈತಂತ ಗಡಿಬಿಡಿ ಮಾಡಿದೆ. ಅರಳಿದ್ದನ್ನೂ ಬಿಡಿಸೇನ್ರಿ. ಆ ಸಾಲು ನಂದು. ತಪ್ಪು ನಂದ."

"ಯಾರ್ ನೋಡ್ಯಾರ ಬೇ? ಕಂಪನಿ ತಂಗೀನ ಸರಿ ಐತಿ ಅಂತ ಬರಕೊಂಡು ಹೋಗ್ಯಾಳ."

"ಮುಂಜಾನೆ ಕುಂತಾಗ ಆ ಎರಡು ಸಾಲು ಕಣ್ಮುಂದಿಂದ ಹೋಗವಲ್ಲವು. ಆ ಬೀಜ ಬಿತ್ತಿದವ ನಿಮ್ಮಂಗ ಒಬ್ಬ ರೈತಾನ ಅಲ್ಲೇನ್ರಿ?"

ಗೌಡರು ಹಣೆ ಬಡಿದುಕೊಂಡರು. "ನಿಮ್ಮ ದೇವರಿಗೆ ಇಷ್ಟು ದೊಡ್ಡ ಜಗತ್ತಿನಾಗ ನನ್ನ ಎರಡು ಸಾಲ ಕಂಡೂವೇನವಾ!" ಹೆಂಗಸರೆಲ್ಲ ಘೊಳ್ಳೆಂದರು. ಕರುಣವ್ವನೂ ನಕ್ಕಳು, ಆದರೆ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಗೌಡರೇ ಸೋತು ಕೈ ಆಡಿಸಿದರು. ಊಟದ ಹೊತ್ತಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿದಾಗ ಆಕೆ ಒಬ್ಬಳೇ ಆ ಎರಡು ಸಾಲಿನ ಹೂ ಕೀಳುತ್ತಿದ್ದಳು. ನಾನು ಪುಸ್ತಕ ತೆರೆದು ಹಿಂದಿನ ದಿನದ ಗುರುತನ್ನು ಹೊಡೆದು ಹಾಕಿದೆ. ಆಮೇಲೆ ಹೋಗಿ ಪಕ್ಕದ ಸಾಲಿನಲ್ಲಿ ನಿಂತು ನಾನೂ ಕಿತ್ತೆ. ಅಂದಿನಿಂದ ಗೌಡರು ದಿನಾ ಮುಂಜಾನೆ "ಏನಂದ್ರವಾ ನಿಮ್ಮವರು ಇವತ್ತ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು. ಮೊದಮೊದಲು ಚೇಷ್ಟೆಗೆ. ಆಮೇಲಾಮೇಲೆ, ಆಕೆ ಒಂದು ದಿನ ಬಾರದಿದ್ದರೆ, ಆಕೆಯ ಉತ್ತರಕ್ಕೆ ಖರೇನೇ ಕಾಯುತ್ತಿದ್ದರೆಂದು ನನಗೆ ಗೊತ್ತಾಗುತ್ತಿತ್ತು.

ಆ ಎರಡು ಸಾಲಿನ ಪ್ರಸಂಗವಾದ ಮೇಲೆ ನಾನೂ ನಿಜವಾಗಿ ಸುಮ್ಮನೆ ಕೂರಲು ಹವಣಿಸಿದೆ. ಮೊದಲ ಎರಡು ದಿನ ಚಹಾ, ಹಾಳೆ ತುಂಬಿಸುವ ಕೆಲಸ, ಶನಿವಾರದ ಗಾಡಿ, ಇವೇ ತಲೆಯಲ್ಲಿ. ಮೂರನೆಯ ದಿನ ವಿಮಲಕ್ಕನ ಮುಖ ಬಂತು. ಕಣ್ಣು ತೆರೆದುಬಿಟ್ಟೆ. ನಾಲ್ಕನೆಯ ದಿನವೂ ಬಂತು. ಇದು ಸೈತಾನ ನನ್ನ ಧ್ಯಾನ ಕೆಡಿಸಲು ಮಾಡುವ ಉಪಾಯ ಎಂದುಕೊಂಡು ಮನಸ್ಸಿನಲ್ಲೇ ಗಟ್ಟಿಯಾಗಿ ಪ್ರಾರ್ಥನೆ ಶುರುಮಾಡಿದೆ. ಮಾತು ತುಂಬಿದಷ್ಟು ಹೊತ್ತು ಮುಖ ಹೋಗುತ್ತಿತ್ತು, ನಿಲ್ಲಿಸಿದರೆ ಮತ್ತೆ ಅಲ್ಲೇ.

ವಿಮಲಕ್ಕ ನನ್ನ ಒಬ್ಬಳೇ ಅಕ್ಕ. ಆಗ ಬ್ಯಾಡಗಿಯಲ್ಲಿದ್ದಳು. ನಾನು ಹದಿನೈದು ದಿನಕ್ಕೊಮ್ಮೆ ಶನಿವಾರ ರಾಣೆಬೆನ್ನೂರಿನಿಂದ ಪ್ಯಾಸೆಂಜರ್ ಹತ್ತಿ ಹಾವೇರಿಗೆ ಹೋಗುತ್ತಿದ್ದೆ. ನಡುವೆ ಬ್ಯಾಡಗಿ ಸ್ಟೇಷನ್. ಗಾಡಿ ಅಲ್ಲಿ ನಿಲ್ಲುವುದು ಎರಡು ನಿಮಿಷ. ಆ ಎರಡು ನಿಮಿಷ ನಾನು ಪ್ಲಾಟ್‌ಫಾರ್ಮ್ ಇಲ್ಲದ ಕಡೆಯ ಕಿಟಕಿಗೆ ಮುಖ ಹಾಕಿ ಕೂರುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಜೋರು ಮಳೆ ಹಿಡಿದು ಕೆಲಸ ನಿಂತಿತು. ನಾನು, ಕರುಣವ್ವ ಪಂಪ್‌ಸೆಟ್ಟಿನ ಕೋಣೆಯಲ್ಲಿ ಆಸರೆ ಪಡೆದೆವು. ತಗಡಿನ ಮೇಲೆ ಮಳೆಯ ಸದ್ದು. ಅಲ್ಲಿ ಆಕೆಗೆ ಎಲ್ಲ ಹೇಳಿದೆ.

ನಾಲ್ಕು ವರ್ಷದ ಹಿಂದೆ ವಿಮಲಕ್ಕ ಮಂಜುನಾಥ ಎಂಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹಿಂದೂಗಳವನು, ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುತ್ತಿದ್ದ. ಅವನ ಚೀಟಿಯೊಂದನ್ನು ಆಕೆಯ ಟ್ರಂಕಿನಿಂದ ತೆಗೆದು ಅಪ್ಪನ ಕೈಗೆ ಕೊಟ್ಟವಳು ನಾನು. ಅಪ್ಪ ಅಂದು ಆಕೆಯ ಮೇಲೆ ಕೈ ಮಾಡಿದರು. ಮೂರನೆಯ ದಿನ ಆಕೆ ಮನೆ ಬಿಟ್ಟು ಹೋಗಿ ಅವನನ್ನು ರಿಜಿಸ್ಟರ್ ಮದುವೆಯಾದಳು. ಅಂದಿನಿಂದ ಮನೆಯಲ್ಲಿ ಆಕೆಯ ಹೆಸರು ಯಾರೂ ಎತ್ತಲಿಲ್ಲ. ಅಪ್ಪನ ಅಷ್ಟುದ್ದದ ಪ್ರಾರ್ಥನೆಯಲ್ಲಿಯೂ ಆ ಹೆಸರು ಇರಲಿಲ್ಲ.

"ಚೀಟಿ ಕೊಡಬೇಕಾದ್ರ ಅಪ್ಪಗ ಏನಂತ ಹೇಳಿದಿ?" ಎಂದು ಕರುಣವ್ವ ಕೇಳಿದಳು.

"ಪ್ರಾರ್ಥನಿ ಮಾಡಿದೆ, ನಿಮಗ ಹೇಳಬೇಕಂತ ದೇವರು ಪ್ರೇರಣಾ ಕೊಟ್ಟ ಅಂದೆ."

"ಕೊಟ್ಟಿದ್ನೇನು?"

ಮಳೆ ಸುರಿಯುತ್ತಲೇ ಇತ್ತು. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನೇ ಕೇಳಿಕೊಂಡಿರಲಿಲ್ಲ.

"ಇಲ್ಲ," ಎಂದೆ.

"ಮತ್ಯಾಕ ಹಂಗಂದಿ?"

"ಅಪ್ಪಗ ಆಕಿ ಮ್ಯಾಲೆ ಭಾಳ ಜೀವ. ಏನಿದ್ರೂ ವಿಮಲಾ, ವಿಮಲಾ. ಒಂದು ಸಲ ನನ್ನ ಕಡೆ ನೋಡ್ಲಿ ಅಂತ..."

ಕರುಣವ್ವ ನನ್ನ ಬೆನ್ನು ಸವರಲಿಲ್ಲ, ಹೋಗಲಿ ಬಿಡು ಎನ್ನಲಿಲ್ಲ. ಹೇಳಿದ್ದು ಇಷ್ಟೇ. "ಆತನ ಹೆಸರಿಲೆ ಸುಳ್ಳ ಹೇಳಿ ಆತನ ಮುಂದ ಸುಮ್ಮನ ಕುಂದ್ರೂದು ತ್ರಾಸ ಆಕ್ಕೈತಿ ತಂಗಿ. ಅದಕ್ಕ ನೀ ಅಷ್ಟುದ್ದ ಮಾತಾಡ್ತಿದ್ದಿ."

"ಈಗೇನ್ ಮಾಡ್ಲಿ?"

"ನನ್ನ ಯಾಕ ಕೇಳ್ತಿ? ಮಾರಿ ತೋರ್ಸಾಕತ್ತಾನಲ್ಲ."

ಆದರೂ ಹೋಗಲು ಮೂರು ವಾರ ಬೇಕಾಯಿತು. ಅಕ್ಟೋಬರಿನ ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ ರಾಣೆಬೆನ್ನೂರಿನಲ್ಲಿ ಗಾಡಿ ಹತ್ತಿದೆ. ಏನು ಹೇಳಬೇಕು, ಎಲ್ಲಿ ಅಳಬೇಕು, ಎಲ್ಲಿ ಕಾಲು ಹಿಡಿಯಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಓದಿಕೊಂಡೆ. ಬ್ಯಾಡಗಿಯಲ್ಲಿ ಇಳಿದೆ. ಮೆಣಸಿನಕಾಯಿ ಹಂಗಾಮು ಇನ್ನೂ ದೂರವಿದ್ದರೂ ಕೋಲ್ಡ್ ಸ್ಟೋರೇಜಿನ ಓಣಿಯಲ್ಲಿ ಘಾಟು ಮೂಗು ಕೆರೆಯುತ್ತಿತ್ತು. ಸೀನುತ್ತ ಸೀನುತ್ತಲೇ ಅವರಿವರನ್ನು ಕೇಳಿಕೊಂಡು ಅವರ ಮನೆ ಬಾಗಿಲಿಗೆ ಹೋಗಿ ನಿಂತೆ. ಬಾಗಿಲು ತೆರೆದ ಮಂಜುನಾಥ ಮಾಮಾ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ, "ಬರ್ರಿ, ಒಳಗ ಬರ್ರಿ. ನಾ ಹಾಲು ತರತೇನಿ," ಎಂದು ನಮ್ಮಿಬ್ಬರನ್ನು ಬಿಟ್ಟು ಹೊರಗೆ ಹೋದ. ಎಂಥ ಮರ್ಯಾದೆಯ ಮನುಷ್ಯನೆಂದು ಅಂದೇ ತಿಳಿಯಿತು.

ವಿಮಲಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಆರು ತಿಂಗಳ ಬಸುರಿ. ಏಳಲಿಲ್ಲ.

"ಅಕ್ಕ, ಆ ಚೀಟಿ ಅಪ್ಪಗ ಕೊಟ್ಟಾಕಿ ನಾನ," ಎಂದು ಶುರುಮಾಡಿದೆ.

"ಗೊತ್ತೈತಿ. ಟ್ರಂಕಿನ ಕೀಲಿ ಎಲ್ಲಿ ಇಡ್ತೇನಿ ಅಂತ ನಿನಗಷ್ಟ ಗೊತ್ತಿತ್ತು."

ಅರ್ಧ ಭಾಷಣ ಅಲ್ಲೇ ಮುಗಿದುಹೋಯಿತು. ಉಳಿದದ್ದನ್ನು ಹೇಳಿದೆ. "ದೇವರು ಹೇಳಿದ ಅಂತ ಅಪ್ಪಗ ಹೇಳಿದ್ದೆ. ಅದು ಸುಳ್ಳು. ದೇವರು ನನಗೇನೂ ಹೇಳಿರಲಿಲ್ಲ. ನನಗ ಹೊಟ್ಟಿಕಿಚ್ಚಿತ್ತು."

ಮೊರದ ಮೇಲಿನ ಕೈ ನಿಂತಿತು. ಆಕೆ ನನ್ನ ಕಡೆ ನೋಡಿದ್ದು ಆಗಲೇ.

"ಅದು ಗೊತ್ತಿರಲಿಲ್ಲ," ಎಂದಳು. "ಅಪ್ಪ ಅವತ್ತ ಹೊಡೀಬೇಕಾದ್ರ ಏನಂದ್ರು ಗೊತ್ತೈತೇನು? ದೇವರೇ ನಿನ್ನ ಗುಟ್ಟು ಬಯಲು ಮಾಡಿದ ಅಂದ್ರು. ನಾಲ್ಕು ವರ್ಷ ನಾನು ದೇವರೇ ನನ್ನ ಹಿಡದುಕೊಟ್ಟ ಅಂತ ತಿಳಕೊಂಡೇನಿ. ಚರ್ಚಿನ ಕಡೆ ಹೋಗಿಲ್ಲ, ಮನ್ಯಾಗ ಮಣಕಾಲ ಊರಿಲ್ಲ. ಹೋದ ವರ್ಷ ಕೂಸು ಹುಟ್ಟಿ ಎರಡು ದಿನಕ್ಕ ಹೋತು. ಆಗೂ ಅನಕೊಂಡೆ, ಆತಂದ ಇನ್ನೂ ಸಿಟ್ಟು ಇಳಿದಿಲ್ಲ ಅಂತ."

ನಾನು ಒಂದು ಚೀಟಿಯ ತಪ್ಪು ಒಪ್ಪಿಕೊಳ್ಳಲು ಬಂದಿದ್ದೆ. ಒಬ್ಬಳ ದೇವರನ್ನೇ ಅವಳಿಂದ ಕಸಿದುಕೊಂಡಿದ್ದೆ ಎಂಬುದು ಆ ಗಳಿಗೆಯವರೆಗೆ ಹೊಳೆದಿರಲಿಲ್ಲ.

"ಕೂಸು ಹೋದ ಸುದ್ದಿ ನಿಮಗ ಮುಟ್ಟಿತ್ತಿಲ್ಲೋ?"

"ಮುಟ್ಟಿತ್ತು."

"ಮತ್ಯಾಕ ಬರಲಿಲ್ಲ?"

ನಾನು ತಲೆ ತಗ್ಗಿಸಿ ಕೂತೆ. ಅಳು ಬರಲಿಲ್ಲ. ಅಲ್ಲಿ ಅಳಲಿಕ್ಕೂ ನನಗೆ ಹಕ್ಕಿಲ್ಲ ಅನಿಸಿತು. ಆಕೆ ಕೈಯೂರಿ ಎದ್ದು ತಾಟು ಹಾಕಿದಳು. "ಊಟಾ ಮಾಡು. ನಾಲ್ಕಕ್ಕ ಗಾಡ್ಯೈತಿ." ಅಷ್ಟೇ. ಬಾಗಿಲವರೆಗೂ ಬರಲಿಲ್ಲ.

ಹಳ್ಳಿಗೆ ಮರಳಿದವಳೇ ಕರುಣವ್ವನ ಮುಂದೆ ಕುಸಿದೆ. "ನೀ ಹೇಳಿದಂಗ ಹೋದೆ ದೊಡ್ಡವ್ವ. ಆಕಿ ಮಾಫ್ ಮಾಡಲಿಲ್ಲ."

"ನಾ ಎಲ್ಲಿ ಹೇಳೇನಿ? ಹೋಗು ಅಂದಾಂವ ಆತ. ಹೋದಿ. ಆಕಿ ಮಾಫ್ ಮಾಡ್ತಾಳ ಅಂತ ಅಂದಿದ್ನೇನು?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಹಂಗಾರ ನಿನ್ನ ಕೆಲಸ ಆತು. ಆಕಿ ಕೂಡ ಆತ ಏನ್ ಮಾತಾಡ್ತಾನೋ, ಅದು ಅವರಿಬ್ಬರದು. ಏಳು, ಮಾರಿ ತೊಳಕೋ."

ಮುಂದಿನ ಬುಧವಾರ ಕರುಣವ್ವ ಕೆಲಸಕ್ಕೆ ಬರಲಿಲ್ಲ. ಎಲ್ಲಿಗೆ ಹೋಗಿದ್ದೆಯೆಂದು ಸಂಜೆ ಕೇಳಿದರೆ, "ಎಲ್ಲೋ ಹೋಗಬೇಕನಿಸ್ತು, ಹೋಗಿ ಬಂದೆ," ಎಂದಳು. ಆಕೆ ಬ್ಯಾಡಗಿಗೆ ಹೋಗಿದ್ದಳೆಂದು ಎಷ್ಟೋ ದಿನದ ಮೇಲೆ ವಿಮಲಕ್ಕನೇ ಹೇಳಿದಳು. ಕೋಲ್ಡ್ ಸ್ಟೋರೇಜಿನ ಓಣಿಯಲ್ಲಿ ಕೇಳಿ ಕೇಳಿ ಮನೆ ಹುಡುಕಿದಳಂತೆ. ನಿನ್ನ ತಂಗಿ ಎಸ್ತೇರ ನಮ್ಮ ಮನ್ಯಾಗಿರತಾಳ ಎಂದಷ್ಟೇ ಹೇಳಿ, ಬಸುರಿಯ ತಲೆಗೆ ಎಣ್ಣೆ ಹಚ್ಚುತ್ತ ಕೂತಳಂತೆ. ಉಪದೇಶ ಮಾಡಲಿಲ್ಲ, ಪ್ರಾರ್ಥನೆ ಮಾಡಲೇ ಎಂದೂ ಕೇಳಲಿಲ್ಲ. ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದವಳಿಗೆ ಏನಾಯಿತೋ, ನಾಲ್ಕು ವರ್ಷದ ಸಿಟ್ಟೆಲ್ಲ ಹೊರಬಂತು. "ನಾ ದೇವರನ್ನ ಬಾಯಿಗೆ ಬಂದಂಗ ಬೈದೆ. ಆ ಮುದುಕಿ ತಡೀಲಿಲ್ಲ. ಎಲ್ಲಾ ಮುಗದ ಮ್ಯಾಲೆ ಏನಂದ್ಲು ಗೊತ್ತೈತೇನು? ನನಗ ಹೇಳಿದಂಗ ಆತಗೂ ಹೇಳವಾ, ಆತನೂ ಕೇಳತಾನ ಅಂದ್ಲು." ಅಂದು ರಾತ್ರಿ ವಿಮಲಕ್ಕ ನಾಲ್ಕು ವರ್ಷದ ಮೇಲೆ ಮೊದಲ ಸಲ ಮೊಣಕಾಲೂರಿದಳು. ಬೈಯುವುದಕ್ಕೇ ಊರಿದೆ, ಎಂದು ಈಗಲೂ ನಗುತ್ತಾಳೆ. ಮುಂದೆ ಜನವರಿಯಲ್ಲಿ ಆಕೆಯ ಬಾಣಂತನಕ್ಕೂ ಕರುಣವ್ವನೇ ಬಂದು ನಲವತ್ತು ದಿನ ಬಿಸಿನೀರು ಕಾಯಿಸಿದಳು.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಬಾಕಿಯಿತ್ತು. ಬ್ಯಾಡಗಿಯಿಂದ ಬಂದ ಮೇಲೆ ಮುಂಜಾನೆ ಕಣ್ಣು ಮುಚ್ಚಿದರೆ ಅಪ್ಪನ ಮುಖ ಬರತೊಡಗಿತ್ತು. ಈ ಸಲ ನಾನು ಸೈತಾನನ ಮೇಲೆ ಹೊರಿಸಲಿಲ್ಲ. ನವೆಂಬರಿನಲ್ಲಿ ಹಣ್ಣು ಬಿಡಿಸಿ, ಬೀಜ ತೊಳೆದು ಒಣಗಿಸಿ ಹಂಗಾಮು ಮುಗಿಯಿತು. ಗಂಟುಮೂಟೆ ಕಟ್ಟಿಕೊಂಡು ಹಾವೇರಿಗೆ ಬಂದ ದಿನವೇ, ಸಂಜೆಯ ಪ್ರಾರ್ಥನೆಗೆ ಅಪ್ಪ ಚಾಪೆ ಹಾಸುತ್ತಿದ್ದಾಗ, ನಿಂತುಕೊಂಡೇ ಹೇಳಿಬಿಟ್ಟೆ.

"ಅಪ್ಪಾ, ವಿಮಲಕ್ಕನ ಚೀಟಿ ಕೊಟ್ಟಾಗ ದೇವರು ಹೇಳಿದ ಅಂದಿದ್ದೆ. ಸುಳ್ಳು ಹೇಳಿದ್ದೆ. ಹೊಟ್ಟಿಕಿಚ್ಚಿಗೆ ಕೊಟ್ಟಿದ್ದೆ."

ಅಪ್ಪ ಚಾಪೆಯ ಮೇಲೆ ಕೂತು, ಯಾವಾಗಿನಂತೆ ಕಣ್ಣು ಮುಚ್ಚಿ, "ಪರಲೋಕದ ತಂದೆಯೇ" ಎಂದರು. ಮುಂದಿನ ಮಾತು ಬರಲಿಲ್ಲ. ಅವರ ಬಾಯಿಯಿಂದ ಮಾತು ಬರದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಗೋಡೆಯ ಗಡಿಯಾರ ಟಕ್ ಟಕ್ ಅನ್ನುತ್ತಿತ್ತು. ಅರ್ಧ ತಾಸು ಹಾಗೇ ಕೂತರು. ಕೊನೆಗೆ ಕಣ್ಣು ತೆರೆದು, "ನೀ ನನಗ ಹೇಳಿದಿ. ನಾ ಅದನ್ನ ಆಕಿ ಮ್ಯಾಲೆ ಒಗದೆ. ಒಮ್ಮೆನೂ ಆತನ್ನ ಕೇಳಲಿಲ್ಲ," ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಊಟ ಮಾಡದೆ ಮಲಗಿದರು.

ಮರುದಿನ ನಾನು ಏಳುವಷ್ಟರಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದರು. "ಬ್ಯಾಡಗ್ಯಾಗ ಅವರ ಮನಿ ನಿನಗ ಗೊತ್ತೈತಲ್ಲ, ನಡಿ."

ವಿಮಲಕ್ಕ ಬಾಗಿಲು ತೆರೆದವಳು ಹಾಗೇ ಚೌಕಟ್ಟು ಹಿಡಿದು ನಿಂತಳು. ಅಪ್ಪ ಹೊಸಲಿನ ಹೊರಗೆ. ಇಬ್ಬರ ನಡುವೆ ಎರಡು ಮೊಳ ಅಂತರ. ಅಪ್ಪ ಗಂಟಲು ಸರಿಮಾಡಿಕೊಂಡು, ಶಾಲೆಯ ದನಿಯಲ್ಲಿ, "ನೋಡವ್ವಾ ವಿಮಲಾ, ದೇವರ ಚಿತ್ತ ಏನಿರತೈತಿ ಅಂದ್ರ..." ಎಂದು ಶುರುಮಾಡಿದರು. ಆದರೆ ಅವರು ಅಲ್ಲಿಗೇ ನಿಲ್ಲಿಸಿದರು. ತಲೆ ಅಲ್ಲಾಡಿಸಿದರು.

"ಇಲ್ಲ. ನಾ ಭಾಳ ಮಾತಾಡೇನಿ. ನೀ ಹೇಳು, ನಾ ಕೇಳತೇನಿ."

ವಿಮಲಕ್ಕ ಅವರನ್ನು ಒಳಗೆ ಕರೆದು ಕುರ್ಚಿ ಹಾಕಿದಳು. ತಾನು ಕೆಳಗೆ ಗೋಡೆಗೊರಗಿ ಕೂತಳು. ಅಪ್ಪ ಕಾದರು. ಆಮೇಲೆ, ಕೈಯಲ್ಲಿ ಒಂದೇ ಚೀಲ ಹಿಡಿದು ಮನೆ ಬಿಟ್ಟ ದಿನದಿಂದ ಶುರುಮಾಡಿದಳು. ಅತ್ತೆ ಮನೆಯವರು ಮೊದಲು ಹೊರಗೇ ನಿಲ್ಲಿಸಿದ್ದು, ಗಂಡ ಆಕೆಯ ಪರ ನಿಂತದ್ದು, ಜ್ವರ ಬಂದಾಗ ಅವ್ವನ ನೆನಪಾದದ್ದು, ಆಸ್ಪತ್ರೆಯ ಎರಡು ದಿನ. ಕೆಲವು ಮಾತು ಚೂಪಾಗಿದ್ದವು, ಅಪ್ಪನ ಮುಖ ಸಣ್ಣದಾಗುತ್ತಿದ್ದುದು ನನಗೆ ಕಾಣುತ್ತಿತ್ತು. ಆದರೆ ಮೂವತ್ತು ವರ್ಷ ಮಕ್ಕಳಿಗೆ ಬಾಯಿ ಮುಚ್ಚೆಂದು ಹೇಳುತ್ತ ಬಂದ ಆ ಮನುಷ್ಯ ಅಂದು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಮಂಜುನಾಥ ಮಾಮಾ ತಂದಿಟ್ಟ ಚಹಾ ಆರಿ ಕೆನೆಗಟ್ಟಿತು. ಬಿಸಿಲು ಹೊಸಲಿನಿಂದ ಕುರ್ಚಿಯ ಕಾಲಿನವರೆಗೆ ಬಂತು.

ಎಲ್ಲ ಹೇಳಿ ಮುಗಿಸಿ ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅಪ್ಪ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಕೂಸಿಗೆ ಏನಂತ ಹೆಸರಿಟ್ಟಿದ್ರಿ?"

ವಿಮಲಕ್ಕ ನಮ್ಮ ಅವ್ವನ ಹೆಸರು ಹೇಳಿದಳು.